ಎದುರಾಳಿಯ ಮಾತು ಹೇಳಿಸುತ್ತಿದ್ದ ಗುರುಬಸಮ್ಮ ಮೇಡಂ

ಗುರುಬಸಮ್ಮ ಮೇಡಂ ಜೊತೆ ಜಗಳವಾಡಬೇಕೆಂದರೆ ಮೊದಲು ಅವರ ಪರವಾಗಿ ಮಾತಾಡಬೇಕಿತ್ತು. ಅದೂ ಕಾಟಾಚಾರಕ್ಕಲ್ಲ. ನಾವು ಹೇಳುವುದನ್ನೆಲ್ಲ ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಹೂಂ, ಇದೇ ನನ್ನ ಮಾತು. ಈಗ ಬೈಯಿ" ಎಂದು ಅಪ್ಪಣೆ ಕೊಡಬೇಕು. "ಇದು ನನ್ನ ಮಾತಲ್ಲ ಕಣೇ, ನಿನಗೆ ಬೈಯೋಕೆ ಅನುಕೂಲ ಆಗೋ ಮಾತು" ಎಂದುಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಎಷ್ಟೋ ಜಗಳಗಳು ಬೈಗುಳದವರೆಗೆ ಬರುವ ಮೊದಲೇ ಸುಸ್ತಾಗಿ ಮಲಗಿಬಿಡುತ್ತಿದ್ದವು.

ರಾಜಾಜಿನಗರದ ಒಂದು ಹುಡುಗಿಯರ ಪಿಯು ಕಾಲೇಜಿನಲ್ಲಿ ಅವರು ನಮಗೆ ರಾಜ್ಯಶಾಸ್ತ್ರ ಕಲಿಸಿದರು. ದಾವಣಗೆರೆ ಕಡೆಯವರು. ಎತ್ತರದ ಆಳು, ಗಂಜಿ ಹಾಕಿದ ಹತ್ತಿ ಸೀರೆ, ಹಣೆಯ ಮೇಲೆ ಬೆವರಿದರೂ ಅಳಿಸದ ವಿಭೂತಿ. ನಮ್ಮ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ತೊಂದರೆಯನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಯಾರು ಯಾವ ಏರಿಯಾದಿಂದ ಬರುತ್ತಾರೋ ಅದೇ ಅವರ ಹೆಸರು. "ಕಾಮಾಕ್ಷಿಪಾಳ್ಯ ಎದ್ದು ನಿಲ್ಲು, ಬ್ಯಾಡರಹಳ್ಳಿ ಕಿಟಕಿ ಹಾಕು" ಎಂದು ಅವರು ಕೂಗುವಾಗ ಮಾಗಡಿ ರಸ್ತೆಯ ಬಸ್ಸಿನಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು. ನಾನು ಲಗ್ಗೆರೆ. ಅಪ್ಪ ಪೀಣ್ಯದಲ್ಲಿ ಫಿಟ್ಟರ್ ಆಗಿದ್ದರು. ಇವತ್ತಿಗೂ ಯಾರಾದರೂ ಬಸ್‌ಸ್ಟಾಪಿನಲ್ಲಿ "ಲಗ್ಗೆರೆ, ಲಗ್ಗೆರೆ" ಎಂದರೆ ತಿರುಗಿ ನೋಡುತ್ತೇನೆ.

ಎರಡನೇ ವರ್ಷದಲ್ಲಿ ನನಗೆ ಕ್ರಾಂತಿ ಮಾಡುವ ಹುಚ್ಚು ಹಿಡಿಯಿತು. ಕಾಲೇಜಿನ ಯೂನಿಫಾರಂ ತೆಗೆಯಬೇಕು, ಜೀನ್ಸ್ ಹಾಕಲು ಬಿಡಬೇಕು ಎಂದು ತರಗತಿಯಲ್ಲಿ ಎದ್ದು ನಿಂತೆ. ಮೇಡಂ ಯೂನಿಫಾರಮ್ಮಿನ ಕಟ್ಟಾ ಅಭಿಮಾನಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಸೀಮೆಸುಣ್ಣ ಕೆಳಗಿಟ್ಟರು.

"ಸರಿ, ನೀನು ಯೂನಿಫಾರಂ ಇರಬೇಕು ಅಂತ ಮಾತಾಡು. ನಾನು ಬೇಡ ಅಂತ ಮಾತಾಡ್ತೀನಿ."

"ಮೇಡಂ, ನಂಗೆ ಅದ್ರಲ್ಲಿ ನಂಬಿಕೆನೇ ಇಲ್ವಲ್ಲ."

"ನಂಬು ಅಂತ ಯಾರು ಹೇಳಿದ್ರು? ನಂಬೋರಿಗೆ ಏನು ಕಾಣುತ್ತೆ, ಅದನ್ನ ಹೇಳು."

ಶಿಸ್ತು, ಸಮಾನತೆ ಎಂದು ಪಠ್ಯಪುಸ್ತಕದ ಮಾತುಗಳನ್ನು ಉದುರಿಸಿದೆ. ಅವರು ತಲೆ ಅಲ್ಲಾಡಿಸಿದರು, ಇದಲ್ಲ. ಮತ್ತೆ ಶುರು ಮಾಡಿದೆ. ಯಾಕೋ ಲಗ್ಗೆರೆಯ ನಮ್ಮ ಮನೆಯ ಕಬ್ಬಿಣದ ಬೀರು ಕಣ್ಣ ಮುಂದೆ ಬಂತು. ಅದರಲ್ಲಿ ನನ್ನದೆಂದು ಇದ್ದ ಚೂಡಿದಾರಗಳು ಬೆರಳಲ್ಲಿ ಎಣಿಸುವಷ್ಟು, ಅದರಲ್ಲೂ ಒಂದು ಚಿಕ್ಕಪ್ಪನ ಮಗಳು ಹಾಕಿ ಬಿಟ್ಟಿದ್ದು. "ಯೂನಿಫಾರಂ ಇಲ್ದಿದ್ರೆ ನಾನು ದಿನಾ ಏನು ಹಾಕ್ಕೊಂಡು ಬರ್ತೀನಿ ಅಂತ ಎಲ್ರಿಗೂ ಗೊತ್ತಾಗುತ್ತೆ" ಎಂದುಬಿಟ್ಟೆ. ಮೇಡಂ ಮೆಲ್ಲಗೆ "ಹೂಂ, ಇದೇ" ಎಂದರು.

ಆಮೇಲೆ ಅವರ ಸರದಿ. "ಬರೋ ವರ್ಷ ಇವರ ಕೈಗೆ ಓಟು ಕೊಟ್ಟು, ದೇಶ ಆಳೋರನ್ನ ಆರಿಸ್ರಮ್ಮಾ ಅಂತೀವಿ. ಈ ವರ್ಷ ಬಟ್ಟೆ ಆರಿಸೋ ಬುದ್ಧಿ ನಿಮಗಿಲ್ಲ ಅಂತೀವಿ. ಒಂದೇ ವರ್ಷದಲ್ಲಿ ಅಷ್ಟು ಬುದ್ಧಿ ಎಲ್ಲಿಂದ ಬರುತ್ತೆ?" ಎಂದು ಜೀನ್ಸಿನ ಪರವಾಗಿ ಗುಡುಗಿದರು. ನಾವು ಬೆಂಚು ಕುಟ್ಟಿ ಕುಣಿದೆವು. ಇನ್ನೇನು ಜೀನ್ಸ್ ಬಂದೇ ಬಿಟ್ಟಿತು ಎಂದು ಕೆಲವರು ಮನೆಯಲ್ಲಿ ಹೇಳಿಯೂ ಬಂದರು. ಆ ವಾರ ಸ್ಟಾಫ್ ಮೀಟಿಂಗಿನಲ್ಲಿ ಮೇಡಂ ಯೂನಿಫಾರಂ ಇರಲೆಂದೇ ಕೈ ಎತ್ತಿದರು.

ಕೋಪದಿಂದ ಸ್ಟಾಫ್ ರೂಮಿಗೆ ಹೋದೆ. ಅವರು ಊಟದ ಡಬ್ಬಿ ಬಿಚ್ಚಿ ನನ್ನ ಕೈಗೆ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. "ನಿನ್ನ ಪರ ಮಾತಾಡಿದ್ದು ನಿನ್ನ ಮಾತು ನನಗೆ ಅರ್ಥ ಆಗೈತೆ ಅಂತ ತೋರಿಸೋಕೆ. ಕೈ ಎತ್ತಿದ್ದು ನನ್ನ ನಂಬಿಕೆಗೆ. ಎರಡನ್ನೂ ಒಂದು ಮಾಡ್ಕೊಂಡು ಅಳಬೇಡ, ತಿನ್ನು" ಎಂದರು. ನಾನು ಮುನಿಸಿಕೊಂಡೇ ರೊಟ್ಟಿ ತಿಂದೆ.

ಕಾಲೇಜು ಮುಗಿದ ಮೇಲೂ ಬಸವೇಶ್ವರನಗರದ ಅವರ ಮನೆಗೆ ಹೋಗಿಬರುವುದು ಉಳಿಯಿತು. ಒಬ್ಬನೇ ಮಗ ನಿರಂಜನ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಕೆಂಗೇರಿ ಉಪನಗರದಲ್ಲಿದ್ದ. ಈ ಮನೆಯಲ್ಲಿ ಮೇಡಂ ಮತ್ತು ಅವರ ಯಜಮಾನರು ಮುರಿಗೆಪ್ಪ ಅಂಕಲ್ ಇಬ್ಬರೇ. ಅಂಕಲ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮೇಡಂ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಕಾಫಿ ಮುಟ್ಟುವವರಲ್ಲ. ಅಂಕಲ್ ಆ ಹೊತ್ತಿಗೆ ಎರಡನೇ ಕಾಫಿ ಕುಡಿಯುತ್ತಾ, "ನಿಮ್ಮ ಮೇಡಂ ನನ್ನ ಪಾಲಿನದನ್ನೂ ಸೇರಿಸಿ ಮಾಡ್ತಾರೆ, ಜಾಯಿಂಟ್ ಅಕೌಂಟು" ಎಂದು ಕಣ್ಣು ಮಿಟುಕಿಸುತ್ತಿದ್ದರು. ಚುನಾವಣೆ ಬಂದರೆ ಇಬ್ಬರೂ ಒಂದೇ ಆಟೋದಲ್ಲಿ ಹೋಗಿ ಎದುರು ಬದುರು ಪಕ್ಷಗಳಿಗೆ ಓಟು ಹಾಕಿ, ಬರುವಾಗ ಒಂದೇ ಹೋಟೆಲಿನಲ್ಲಿ ದೋಸೆ ತಿಂದು ಬರುತ್ತಿದ್ದರು. ಇಬ್ಬರೂ ಮನೆಯಲ್ಲೇ ಕೂತಿದ್ದರೆ ಲೆಕ್ಕ ಒಂದೇ ಆಗುತ್ತಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಮೇಡಂ, "ನಾನು ಕೂತ ಮೇಲೆ ಇವರು ಹಿಂದಿನ ಬಾಗಿಲಲ್ಲಿ ಹೋಗಲ್ಲ ಅಂತ ಏನು ಗ್ಯಾರಂಟಿ?" ಎಂದರು.

ನಾನೀಗ ಒಂದು ಸುದ್ದಿವಾಹಿನಿಯ ಯೂಟ್ಯೂಬ್ ವಿಭಾಗದಲ್ಲಿದ್ದೇನೆ. ಒಂದು ಚುನಾವಣೆಗೆ ಮುಂಚೆ ನಮ್ಮ ಸಂಪಾದಕರು, ಕನ್ಸರ್ವೇಟಿವ್ ಎಂದರೆ ಯಾರು, ಲಿಬರಲ್ ಎಂದರೆ ಯಾರು ಎಂದು ಜನಕ್ಕೆ ಅರ್ಥವಾಗುವಂತೆ ಒಂದು ವಿಡಿಯೊ ಮಾಡು ಎಂದರು. ದಿನಾ ಸ್ಟುಡಿಯೊದಲ್ಲಿ ಒಬ್ಬರನ್ನು ಎಡಕ್ಕೆ, ಒಬ್ಬರನ್ನು ಬಲಕ್ಕೆ ಕೂರಿಸಿ ಕೂಗಾಡಿಸುವ ನಮಗೆ ಇದೇನು ಮಹಾ ಎಂದುಕೊಂಡೆ. ಬರೆಯಲು ಕೂತರೆ ಒಂದು ಸಾಲೂ ಸರಿಯಾಗಿ ಬರಲಿಲ್ಲ. ಹಳೆಯದು ಬೇಕು ಎನ್ನುವವರು ಕನ್ಸರ್ವೇಟಿವ್, ಹೊಸದು ಬೇಕು ಎನ್ನುವವರು ಲಿಬರಲ್ ಎಂದು ಬರೆದು, ಇದು ನಿಜವಾ ಎಂದು ನನಗೇ ಅನುಮಾನ ಬಂತು. ಒಂದು ಭಾನುವಾರ ಮೇಡಂ ಮನೆಗೆ ಹೊರಟೆ.

ಅವರು ಮಂಡಕ್ಕಿ ನೆನೆಹಾಕಿ ಹಿಂಡುತ್ತಿದ್ದರು. ಅಂಕಲ್ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಬರೆದುಕೊಂಡಿದ್ದನ್ನು ಓದಿದೆ.

"ಹಂಗಾದ್ರೆ ನಮ್ಮಿಬ್ಬರನ್ನ ಎಲ್ಲಿಗೆ ಹಾಕ್ತೀಯಾ?" ಎಂದು ಮೇಡಂ ಕೇಳಿದರು.

"ನೀವು ಕನ್ಸರ್ವೇಟಿವ್, ಅಂಕಲ್ ಲಿಬರಲ್. ಇದ್ರಲ್ಲೇನಿದೆ?"

ಅಂಕಲ್ ಕಣ್ಣೀರು ಒರೆಸಿಕೊಂಡು ನಕ್ಕರು. "ಹೊರಗೆ ನನ್ನ ಸ್ಕೂಟರ್ ನೋಡಿದ್ಯೇನಮ್ಮಾ? ಮದುವೆಗಿಂತ ಹಳೇದು. ಅದರ ಒಂದು ಬೋಲ್ಟು ಬದಲಾಯಿಸೋಕೆ ನನಗೆ ಸಂಕಟ ಆಗುತ್ತೆ. ಇವಳು ಹೋದ ತಿಂಗಳು ಒರಳು ಎತ್ತಿ ಹಿತ್ತಲಿಗೆ ಹಾಕಿದ್ಲು. ಈಗ ಹೇಳು, ಯಾರು ಯಾವುದು?"

ಪಕ್ಕದ ರಸ್ತೆಯ ಸರ್ಕಾರಿ ಕನ್ನಡ ಶಾಲೆಯನ್ನು ಮುಚ್ಚಿ ಅಂಗಡಿ ಮಳಿಗೆ ಕಟ್ಟುವ ಮಾತು ಎದ್ದಿದ್ದನ್ನು ಮೇಡಂ ನೆನಪಿಸಿದರು. ವೇದಿಕೆ ಹತ್ತಿದರೆ ಪರಂಪರೆ ಎಂದು ಎದೆ ಬಡಿದುಕೊಳ್ಳುವ ಸ್ಥಳೀಯ ಮುಖಂಡನೊಬ್ಬ ಮಳಿಗೆಯ ಪರ ಇದ್ದನಂತೆ. ಸ್ವಾತಂತ್ರ್ಯದ ಬಗ್ಗೆ ಉದ್ದುದ್ದ ಬರೆಯುವ ಇನ್ನೊಬ್ಬ, ಶಾಲೆ ಬೇಕೆಂದ ತಾಯಂದಿರನ್ನು ವಾಟ್ಸಾಪ್ ಗುಂಪಿನಿಂದಲೇ ತೆಗೆದುಹಾಕಿದನಂತೆ. ಗೇಟಿನ ಮುಂದೆ ಹೋಗಿ ನಿಂತವರು ಈ ಗಂಡ ಹೆಂಡತಿ. ಒಬ್ಬರು ಹಳೆಯ ಶಾಲೆ ಉಳಿಯಲೆಂದು, ಇನ್ನೊಬ್ಬರು ಬಡವರ ಮಕ್ಕಳಿಗೆ ಆಯ್ಕೆ ಇರಲೆಂದು.

"ಮತ್ತೆ ನಿಜವಾದ ಅರ್ಥ ಏನು ಮೇಡಂ?" ನನಗೆ ಕುತೂಹಲ ತಡೆಯಲಾಗಲಿಲ್ಲ.

ಅವರು ಮಂಡಕ್ಕಿಗೆ ಒಗ್ಗರಣೆ ಹಾಕಿದರು. "ನೋಡವ್ವಾ, ನಮ್ಮ ಕೈಗೆ ಏನೋ ಒಂದು ಬಂದೈತೆ. ನಾವು ಮಾಡಿದ್ದಲ್ಲ, ಯಾರೋ ಕೊಟ್ಟಿದ್ದು. ಭಾಷೆ, ಪೂಜೆ, ಶಾಲೆ, ಸಂವಿಧಾನ, ಏನೋ ಒಂದು. ಮುಂದಿನೋರ ಕೈಗೆ ಕೊಡೋ ತನಕ ಅದು ಒಡೀದಂಗೆ ನೋಡ್ಕೋಬೇಕು ಅನ್ನೋನು ಕನ್ಸರ್ವೇಟಿವ್. ಆ ಮುಂದಿನೋನಿಗೆ ಬೇಡ ಅನ್ನೋ ಹಕ್ಕೂ ಐತೆ ಅನ್ನೋನು ಲಿಬರಲ್. ಕೊಡೋನು ಇಲ್ದಿದ್ರೆ ಬೇಡ ಅನ್ನೋಕೆ ಏನಿರುತ್ತೆ? ಬೇಡ ಅನ್ನೋಕೆ ಬಿಡದೆ ಕೊಟ್ರೆ ಅದು ಕೊಟ್ಟಂಗೆ ಹೆಂಗಾಗುತ್ತೆ?"

"ಈಗಿನ ರಾಜಕೀಯದೋರು?"

"ಈಗಿನೋರು ಎದುರಿಗಿರೋನು ಏನು ಹಿಡ್ಕೊಂಡಿದಾನೆ ಅಂತ ನೋಡಿ ಅದನ್ನ ಕಿತ್ಕೊಳ್ತಾರೆ. ಎರಡು ಕಡೆಯೋರೂ ಅದನ್ನೇ ಮಾಡ್ತಾರೆ. ಆ ಕೆಲಸಕ್ಕೆ ಎರಡು ಹೆಸರು ಯಾಕೆ ಬೇಕು?"

ನಾನು ಗಬಗಬನೆ ಬರೆದುಕೊಂಡೆ. ಬರೆದುಕೊಳ್ಳುತ್ತಲೇ ಕೇಳಿದೆ, "ಕೊಡಲೇಬೇಕು ಅನ್ನೋರು, ಬೇಡ ಅನ್ನೋರು ಇಬ್ರೂ ಒಂದೇ ಮನೇಲಿದ್ರೆ?"

"ಇದೀವಲ್ಲ" ಎಂದರು ಅಂಕಲ್. "ನಾನು ಸತ್ತ ಮೇಲೆ ನನ್ನ ದೇಹ ಮೆಡಿಕಲ್ ಕಾಲೇಜಿಗೆ ಅಂತ ಬರೆದುಕೊಟ್ಟಿದೀನಿ. ನಿರಂಜನನ ಸಹಿಯೂ ಆಗೈತೆ. ನಿಮ್ಮ ಮೇಡಂ ಒಬ್ಬರೇ ಒಪ್ಪಲ್ಲ. ಒಂದು ಸಲ, ಒಂದೇ ಒಂದು ಸಲ, ನನ್ನ ಮಾತನ್ನ ನೀನು ಹೇಳಿ ತೋರಿಸು ಅಂದೆ. ಊರಿಗೆಲ್ಲಾ ಹೇಳಿಸ್ತಾಳೆ, ಇದೊಂದನ್ನ ಹೇಳಲ್ಲ."

ಮೇಡಂ ಮಂಡಕ್ಕಿ ತಟ್ಟೆಗಳನ್ನು ನಮ್ಮ ಮುಂದಿಟ್ಟು ಒಳಗೆ ಹೋದರು. ನೀರು ತರಲು ಹೋದವರು ಬಹಳ ಹೊತ್ತು ಬರಲಿಲ್ಲ. ಅವರ ನಿಯಮ ಅವರ ಮೇಲೇ ಕೆಲಸ ಮಾಡದಿದ್ದುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವರ ಸಂಕಟ ಏನೆಂದು ಆಮೇಲೆ ತಿಳಿದುಕೊಂಡೆ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ಮೈಗೆ ವಿಭೂತಿ ಹಚ್ಚಿ, ಪೂಜೆಗೆ ಕೂತಂತೆ ಕೂರಿಸಿ ಮಣ್ಣು ಮಾಡುತ್ತಾರೆ. ಎಳವೆಯಲ್ಲಿ ದೀಕ್ಷೆ ಕೊಟ್ಟಾಗ ಕಟ್ಟಿದ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟೇ ಕಳಿಸುತ್ತಾರೆ. ದೇಹವೂ ಲಿಂಗವೂ ಬೇರೆಯಾಗಬಾರದು. ಮೇಡಂ ಪಾಲಿಗೆ ಇದು ಚರ್ಚೆಯ ವಿಷಯವೇ ಆಗಿರಲಿಲ್ಲ. ಗಂಡನ ದೇಹವನ್ನು ಮೇಜಿನ ಮೇಲೆ ಮಲಗಿಸಿ ಬಿಚ್ಚಿ ನೋಡುವುದನ್ನು ನೆನೆಸಿಕೊಂಡರೇ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ವಿಡಿಯೊ ಮಾಡಿದೆ. ಮೇಡಂ ಮಾತುಗಳನ್ನೇ ಹಾಕಿದೆ. ಜನ ಅದನ್ನು ಬಹಳ ನೋಡಲಿಲ್ಲ, ಕೂಗಾಟ ಇರಲಿಲ್ಲವಲ್ಲ.

ಮಾರನೇ ವರ್ಷದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಅಂಕಲ್ ಪಾರ್ಕಿನಿಂದ ವಾಕಿಂಗ್ ಮುಗಿಸಿ ಬಂದು, ಷೂ ಬಿಚ್ಚಲು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ನಿರಂಜನ ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ಮನೆ ತುಂಬಾ ಜನ. ಮಧ್ಯಾಹ್ನದ ಹೊತ್ತಿಗೆ ದಾವಣಗೆರೆಯಿಂದ ಅಂಕಲ್ ಅವರ ತಮ್ಮ ಬಸವರಾಜಪ್ಪನವರೂ ಬಂದರು. ಬರುವಾಗಲೇ ವಿಭೂತಿ ಗಟ್ಟಿಗಳ ಚೀಲ ತಂದಿದ್ದರು. ಅಣ್ಣನ ಮುಖ ನೋಡಿ ಮಗುವಿನ ಹಾಗೆ ಅತ್ತರು.

"ಅತ್ತಿಗೆ, ರುದ್ರಭೂಮಿಯಲ್ಲಿ ಜಾಗ ಹೇಳಿಸಿದೀನಿ. ಹೊತ್ತು ಮುಳುಗೋದ್ರೊಳಗೆ ಮಣ್ಣು ಕೊಡೋಣ" ಎಂದರು.

ನಿರಂಜನ ತಾಯಿಯನ್ನು ನೋಡಿದ. ಅವನ ಕೈಯಲ್ಲಿ ಫೋನಿತ್ತು. ಹೆಂಡತಿ ಬೇಡವೆಂದರೆ ಮೆಡಿಕಲ್ ಕಾಲೇಜಿನವರು ದೇಹ ತೆಗೆದುಕೊಳ್ಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೇಡ ಎನ್ನಲು ಮೇಡಂಗೆ ಒಂದು ತಲೆಯಲ್ಲಾಟ ಸಾಕಿತ್ತು. ಯಾರೂ ಅವರನ್ನು ತಪ್ಪು ಎನ್ನುತ್ತಿರಲಿಲ್ಲ. ನಾನೂ ಎನ್ನುತ್ತಿರಲಿಲ್ಲ.

ಅವರು ಗಂಡನ ಪಕ್ಕದಲ್ಲಿ ಕೂತಿದ್ದವರು ಎದ್ದು ನಿಂತರು. ಪಾಠ ಶುರು ಮಾಡುವಾಗ ಮಾಡುತ್ತಿದ್ದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಇವರ ಮಾತು ಏನು ಅಂತ ನಾನು ಹೇಳ್ತೀನಿ, ಎಲ್ರೂ ಕೇಳ್ರಿ. ಇವರು ಹೇಳ್ತಾ ಇದ್ದಿದ್ದು ಇಷ್ಟು. 'ಬಸಮ್ಮಾ, ನಾನು ಕೆಲಸ ಕಲಿತಿದ್ದು ಮಷೀನು ಬಿಚ್ಚಿ ನೋಡಿ. ಡಾಕ್ಟ್ರಾಗೋ ಮಕ್ಕಳು ಏನನ್ನ ಬಿಚ್ಚಿ ಕಲೀಬೇಕು? ಯಾರದೋ ಅನಾಥ ಹೆಣ ಆದ್ರೆ ನಿನಗೆ ಪರವಾಗಿಲ್ಲ, ನಿನ್ನ ಗಂಡಂದು ಆಗಬಾರದು. ಅದು ಯಾವ ಧರ್ಮ? ದೇಹ ದೇವರ ಗುಡಿ ಅಂತೀಯ. ಗುಡಿ ಬಾಗಿಲು ಹಾಕೋ ಮುಂಚೆ ನಾಲ್ಕು ಮಕ್ಕಳು ಒಳಗೆ ಬಂದು ನೋಡ್ಕೊಂಡು ಹೋಗಲಿ ಬಿಡು.'"

ಇಷ್ಟು ಹೇಳಿ ಅವರು ಕೆಳಗೆ ನೋಡಿದರು. "ಏನ್ರೀ, ಸರಿಯಾಗಿ ಹೇಳಿದ್ನಾ?" ಎಂದು ಕೇಳಿದರು.

ಹೂಂ ಎನ್ನಬೇಕಾದವರು ಕಣ್ಣು ಮುಚ್ಚಿ ಮಲಗಿದ್ದರು. ಮೇಡಂ ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು. ನಾನು ಅಳು ತಡೆಯಲಾಗದೆ ಬಾಗಿಲ ಕಡೆ ತಿರುಗಿಕೊಂಡೆ. ಆಮೇಲೆ ಅವರು ಮಗನಿಗೆ, "ಫೋನ್ ಮಾಡಪ್ಪಾ" ಎಂದರು.

ಕಾಲೇಜಿನ ಗಾಡಿ ಬರುವವರೆಗೆ ಗಂಡನ ಎಡಗೈಯಲ್ಲಿ ಅವರ ಇಷ್ಟಲಿಂಗವಿಟ್ಟು ತಾವೇ ಪೂಜೆ ಮಾಡಿದರು. ಅಂಕಲ್ ಎಷ್ಟೋ ವರ್ಷದಿಂದ ಧರಿಸದೆ ಪೆಟ್ಟಿಗೆಯಲ್ಲಿಟ್ಟಿದ್ದ ಲಿಂಗ ಅದು. ಗಾಡಿಯವರು ಬಂದು ಏನೂ ಒಡವೆ ವಸ್ತು ಇರಬಾರದು ಎಂದಾಗ ಅದನ್ನು ಕೈಯಿಂದ ಬಿಡಿಸಿಕೊಂಡರು. ದೇಹ ಒಂದು ಕಡೆ, ಲಿಂಗ ಒಂದು ಕಡೆ ಆಗಿಹೋಯಿತು.

"ಅದನ್ನಾದ್ರೂ ಮಣ್ಣಿಗೆ ಹಾಕೋಣ ಅತ್ತಿಗೆ" ಎಂದು ಬಸವರಾಜಪ್ಪ ಕೈ ಚಾಚಿದರು.

"ಅವರೇ ಇಲ್ಲದ ಗುಂಡಿ ತೋಡಿ ಯಾರಿಗೆ ತೋರಿಸೋದಪ್ಪಾ?" ಎಂದು ಮೇಡಂ ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮ ಕೊರಳಿಗೆ ಕಟ್ಟಿಕೊಂಡರು. ಊರಿನಿಂದ ಬಂದವರು ಯಾರೂ ಆ ಮನೆಯಲ್ಲಿ ಊಟ ಮಾಡಲಿಲ್ಲ. ಬಸವರಾಜಪ್ಪ ವಿಭೂತಿಯ ಚೀಲವನ್ನು ಜಗಲಿಯ ಮೇಲೆಯೇ ಬಿಟ್ಟು ಬಸ್ಸು ಹತ್ತಿದರು.

ತಿಂಗಳೆರಡು ಕಳೆದ ಮೇಲೆ ಧೈರ್ಯ ಮಾಡಿ ಕೇಳಿದೆ, "ಮೇಡಂ, ಈಗ ನೀವು ಲಿಬರಲ್ ಆದ ಹಾಗಾ?"

"ಹಂಗಂತ ವಿಡಿಯೊ ಗಿಡಿಯೊ ಮಾಡೀಯ, ಹುಷಾರ್" ಎಂದು ಗದರಿದರು. ಆಮೇಲೆ ದನಿ ಇಳಿಸಿದರು. "ನನ್ನ ನಂಬಿಕೆ ಎಲ್ಲಿತ್ತೋ ಅಲ್ಲೇ ಐತೆ ಕಣೇ. ತಪ್ಪು ಮಾಡಿದೆ ಅಂತ ದಿನಾ ಅನ್ನಿಸುತ್ತೆ. ಹಬ್ಬದ ದಿನ ಹೋಗಿ ಒಂದು ಹೂವಿಡೋಣ ಅಂದ್ರೆ ಜಾಗ ಇಲ್ಲ. ಆದ್ರೆ ನನ್ನ ನಂಬಿಕೆ ನನ್ನ ಮೈಗೆ. ಅವರ ಮೈ ಮೇಲೆ ಅದನ್ನ ಹೊದಿಸೋಕೆ ನಾನ್ಯಾರು? ಇಷ್ಟು ವರ್ಷ ಅವರ ಮಾತನ್ನ ಬಾಯಲ್ಲಿ ಯಾಕೆ ಆಡ್ಲಿಲ್ಲ ಗೊತ್ತಾ? ಒಂದು ಸಲ ಸರಿಯಾಗಿ ಹೇಳಿದ್ರೆ ಒಪ್ಪಿಬಿಡ್ತೀನಿ ಅಂತ ಹೆದರಿಕೆ ಇತ್ತು."

ಕೊನೆಯ ಸಲ ನೋಡಿದಾಗ ಅವರು ಕೆಂಗೇರಿಯಲ್ಲಿ ಮಗನ ಮನೆಯಲ್ಲಿದ್ದರು. ಬಹಳ ಇಳಿದುಹೋಗಿದ್ದರು. ನಿರಂಜನ ಕಾಫಿ ತರಲು ಒಳಗೆ ಹೋದಾಗ ನನ್ನ ಕೈ ಹಿಡಿದುಕೊಂಡು, "ಲಗ್ಗೆರೆ, ನನಗೆ ಮಣ್ಣೇ ಬೇಕು ಕಣೇ" ಎಂದರು. "ಇವನು ಅಪ್ಪನಂಗೆ ನೀನೂ ದೇಹ ಕೊಡಮ್ಮ ಅಂತಾನೆ. ಪ್ರೀತಿಯಿಂದಲೇ ಅಂತಾನೆ. ನಾನು ಬಾಯಿಬಿಟ್ಟು ಬೇಡ ಅಂದಿಲ್ಲ, ಅವನಿಗೇ ಅರ್ಥ ಆಗಬೇಕು. ಆಗದಿದ್ರೆ ನೀನು ಹೇಳ್ತೀಯಾ?" ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರ ಕೊರಳಲ್ಲಿ ಎರಡು ದಾರಗಳಿದ್ದವು.

ನಾನು ಹೇಳುವ ಪ್ರಸಂಗ ಬರಲಿಲ್ಲ. ಅವರು ಹೋದ ಸುದ್ದಿ ಕೇಳಿ ನಾನು ಕೆಂಗೇರಿ ಮುಟ್ಟಿದಾಗ, ಇದ್ಯಾವುದನ್ನೂ ನಂಬದ ನಿರಂಜನ ತಾಯಿಗೆ ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಎಳೆಯುತ್ತಿದ್ದ. ಎಳೆ ಸೊಟ್ಟವಾಯಿತೆಂದು ಅಳಿಸಿ ಮತ್ತೆ ಎಳೆದ. ದಾವಣಗೆರೆಯಿಂದ ಬಸವರಾಜಪ್ಪನವರೂ ಬಂದಿದ್ದರು. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ವಿಧಿ ಮಾಡಿಸಲು ಬಂದ ಅಯ್ಯನವರು ಕೊರಳ ದಾರಗಳನ್ನು ಬಿಚ್ಚಿ ನೋಡಿ ಕೈ ತಡೆದರು. "ಎರಡು ಯಾಕಿದಾವೆ? ಒಬ್ಬರಿಗೆ ಒಂದೇ ಲಿಂಗ. ಎರಡು ಇಡೋ ಪದ್ಧತಿ ನಮ್ಮಲ್ಲಿಲ್ಲ."

ನಿರಂಜನ ಬಾಯಿ ತೆರೆಯುವ ಮೊದಲೇ ಬಸವರಾಜಪ್ಪ ಮುಂದೆ ಬಂದರು. "ಪದ್ಧತಿ ಇಲ್ಲ ಅಂತ ನನಗೂ ಗೊತ್ತು ಅಯ್ಯನೋರೇ. ಒಂದು ನಮ್ಮಣ್ಣಂದು. ಎರಡೂ ಇಡ್ರಿ."

ಅಯ್ಯನವರು ಒಮ್ಮೆ ಅವರನ್ನು, ಒಮ್ಮೆ ಮೇಡಂ ಮುಖವನ್ನು ನೋಡಿ, ಎಡ ಅಂಗೈಯಲ್ಲಿ ಎರಡನ್ನೂ ಇಟ್ಟರು. ಒಣಗಿದ ಸಣ್ಣ ಕೈ. ಎರಡು ಹಿಡಿಸಲಿಲ್ಲ, ಒಂದು ಜಾರುತ್ತಿತ್ತು. "ಬಟ್ಟೆ ಕಟ್ಟೋ ತನಕ ಯಾರಾದ್ರೂ ಹಿಡ್ಕೊಳ್ರಮ್ಮಾ" ಎಂದರು ಅಯ್ಯನವರು. ಹತ್ತಿರ ಇದ್ದವಳು ನಾನು. ನೀನು ಯಾವ ಜನ, ನಿನಗೆ ಇದರಲ್ಲಿ ನಂಬಿಕೆ ಇದೆಯಾ ಎಂದು ಯಾರೂ ಕೇಳಲಿಲ್ಲ. ನಾನು ಮಂಡಿಯೂರಿ ಕೂತು, ಮೇಡಂ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ನನ್ನ ಎರಡೂ ಕೈಗಳಿಂದ ಭದ್ರವಾಗಿ ಮುಚ್ಚಿ ಹಿಡಿದುಕೊಂಡೆ.